ಕೊಕ್ಕೆ ಪಾಠಕ್ಕೆ ಬೀಳದ ವೋಟು

ಮೆಷಿನಕ್ಕನಿಗೆ ಮೂಗಿನ ಮೇಲೇ ಕೋಪ ಎಂದು ಬೀದಿಯ ಜನ ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ಮೇಲಿದ್ದದ್ದು ಕನ್ನಡಕ. ಕೋಪ ಮೈತುಂಬ ಇತ್ತು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಸದ್ದಿನಲ್ಲೇ ಅವತ್ತಿನ ಕೋಪ ಎಷ್ಟು ಡಿಗ್ರಿ ಎಂದು ಪಕ್ಕದ ಬೀಗದ ಅಂಗಡಿಯವನು ಹೇಳಿಬಿಡುತ್ತಿದ್ದ.

ಅಂಗಡಿ ಎಂದರೆ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆ. ಮುಂದಿನ ಅರ್ಧದಲ್ಲಿ ನಿಲ್ಲಬಹುದು, ಹಿಂದಿನ ಅರ್ಧದಲ್ಲಿ ಕೂರಲೇಬೇಕು. ಗೋಡೆಗೆ ಹೊಡೆದ ಹಲಗೆಯ ಮೇಲೆ ತಿರುಪು, ಸ್ಪ್ರಿಂಗು, ಬಾಬಿನ್ ತುಂಬಿದ ಡಬ್ಬಿಗಳು. ನೆಲಕ್ಕೆ ಇಪ್ಪತ್ತು ವರ್ಷದ ಮೆಷಿನ್ ಎಣ್ಣೆ ಕುಡಿದು ಕಪ್ಪಾದ ಸಿಮೆಂಟು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹೆಂಗಸು ಆ ಊರಿಗೆಲ್ಲ ಅವಳೊಬ್ಬಳೇ. ಕೆಲಸದ ರೀತಿಯೂ ಅವಳೊಬ್ಬಳದೇ. ಮೆಷಿನ್ ಬಿಟ್ಟು ಸಂಜೆ ಬರ್ತೀನಿ ಎಂದವರಿಗೆ ಅಲ್ಲಿ ಜಾಗವಿರಲಿಲ್ಲ. ತಂದವರು ಅಲ್ಲೇ ಕೂರಬೇಕು, ಸ್ಕ್ರೂಡ್ರೈವರ್ ತಾವೇ ಹಿಡಿಯಬೇಕು, ತಾವೇ ಬಿಚ್ಚಬೇಕು. ಅಕ್ಕ ಬೆರಳು ತೋರಿಸುತ್ತಾಳೆ, ಬೈಯುತ್ತಾಳೆ, ಅಷ್ಟೇ. ಮೆಷಿನನ್ನು ತಾನು ಸರಿಮಾಡಿಕೊಟ್ಟರೆ ಮೆಷಿನ್ ಸರಿಹೋಗುತ್ತದೆ, ತಂದವಳು ಸರಿಹೋಗುವುದಿಲ್ಲ ಎಂಬುದು ಅವಳ ವಾದ. ಮೊದಲ ಸಲ ಬಂದವರು ಅಳುಮೋರೆ ಹಾಕಿಕೊಂಡು ಹೋಗುತ್ತಿದ್ದರು. ಎರಡನೇ ಸಲ ಬರುವ ಪ್ರಮೇಯವೇ ಇರುತ್ತಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅವರಿಗೇ ಕೆಲಸ ಬರುತ್ತಿತ್ತು. ಇಂಥ ವ್ಯಾಪಾರ ಯಾರಾದರೂ ಮಾಡುತ್ತಾರೆಯೇ?

ಅವಳ ಯಜಮಾನರು ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ತಣ್ಣನೆಯ ಮನುಷ್ಯ. ಮೆಷಿನಕ್ಕ ಬೈದರೆ ಕಾಗದ ಜೋಡಿಸುತ್ತ ಹೂಂ ಹೂಂ ಎನ್ನುವವರು. ಒಂದು ದಿನ, ಇವಳು ಗಿರಾಕಿಗಳಿಗೆ ಹೇಗೆ ಬೈಯುತ್ತಾಳೆಂದು ಇವಳಿಗೇ ತೋರಿಸೋಣ ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು. ತೋರಿಸಿದರು. ಅವಳು ಪೂರ್ತಿ ನೋಡಿ, ಎಲ್ಲ ಸರಿಯಾಗೇ ಹೇಳಿದೀನಲ್ಲ, ಅದರಲ್ಲಿ ತಪ್ಪೇನಿದೆ ಎಂದು ಕೇಳಿದಳು. ಇವರಿಗೆ ನಗು ಬಂತು. ಆ ನಗುವಿನಲ್ಲೇ ಅದನ್ನು ಅಂತರ್ಜಾಲಕ್ಕೆ ಹಾಕಿದರು. ವಾರದೊಳಗೆ ಎಲ್ಲಿಯವರೋ ಏನೋ, ಸಾವಿರಾರು ಜನ ನೋಡಿದ್ದರು. ಬೈಸಿಕೊಂಡು ಕಲಿಯುವ ಸುಖಕ್ಕೆ ಇಷ್ಟು ಜನ ಹಸಿದಿದ್ದರೆಂದು ಯಾರಿಗೆ ಗೊತ್ತಿತ್ತು! ಹಾಗೆ ಶುರುವಾದದ್ದು ಮೆಷಿನಕ್ಕನ ಚಾನೆಲ್.

ಮೊದಲು ಜಾಹೀರಾತು ಬರುತ್ತಿತ್ತು. ಒಬ್ಬಳು ಮೆಷಿನಿನ ಹೊಟ್ಟೆ ಬಿಚ್ಚಿ, ಇನ್ನೇನು ಹಲ್ಲುಚಕ್ರ ಕಾಣಬೇಕು, ಅಷ್ಟರಲ್ಲಿ ಯಾರೋ ಕೂದಲು ಕೊಡವುತ್ತ ಬಂದು ಶಾಂಪೂ ಮಾರುವುದು. ಮೆಷಿನಕ್ಕ ಅದನ್ನು ಕಂಡು ಕೆಂಡವಾದಳು. ತನ್ನ ಪಾಠದ ಮಧ್ಯೆ ಸಂತೆ ನಡೆಸಲು ಇವರಿಗೆ ಹೇಳಿದವರು ಯಾರು ಎಂದು ಯಜಮಾನರ ತಲೆ ತಿಂದಳು. ಆಗ ಅವರು ಹುಡುಕಿ ತಂದ ದಾರಿಯೇ ಅಭಿಮಾನಿಗಳ ಪುಟ. ನೋಡುವವರೇ ನೇರವಾಗಿ ತಿಂಗಳಿಗಿಷ್ಟು ಕೊಡುವುದು. ಮಧ್ಯೆ ಶಾಂಪೂ ಇಲ್ಲ, ದಲ್ಲಾಳಿ ಇಲ್ಲ. ವಿಡಿಯೊ ಎಲ್ಲರಿಗೂ ಉಚಿತ. ಕೊಡುವವರು ಮನಸ್ಸಿದ್ದರೆ ಕೊಡುತ್ತಾರೆ. ಯಜಮಾನರು ಮೂರು ದರ್ಜೆ ಮಾಡಿದರು. ಒಂದು ಲೋಟ ಚಹಾದ ಬೆಲೆ ಕೊಟ್ಟರೆ 'ಸೂಜಿ', ಒಂದು ಊಟದ ಬೆಲೆ ಕೊಟ್ಟರೆ 'ದಾರ', ಒಳ್ಳೆಯ ಕತ್ತರಿಯೊಂದರ ಬೆಲೆ ಕೊಟ್ಟರೆ 'ಕತ್ತರಿ'. ಕೊಟ್ಟವರಿಗೆ ಏನಾದರೂ ಕೊಡಬೇಕಲ್ಲ? ಮುಂದಿನ ತಿಂಗಳ ಪಾಠ ಯಾವುದೆಂದು ಆರಿಸುವ ವೋಟು ಕೊಟ್ಟರು. ಸೂಜಿಗೆ ಒಂದು, ದಾರಕ್ಕೆ ಎರಡು, ಕತ್ತರಿಗೆ ಐದು. ಕತ್ತರಿಯವರಿಗೆ ನಾಲ್ಕು ತಿಂಗಳಿಗೊಮ್ಮೆ ಅಂಚೆಯಲ್ಲಿ ಒಂದು ಪುಟ್ಟ ಪೊಟ್ಟಣ, ಒಳಗೆ ನಾಲ್ಕು ಸೂಜಿ ಮತ್ತು ಅಕ್ಕ ಕೈಯಾರೆ ಬರೆದ ಒಂದು ಬೈಗುಳ. ಆ ಬೈಗುಳಕ್ಕೇ ಜನ ಕತ್ತರಿಗೆ ಏರುತ್ತಾರೆಂದು ಯಜಮಾನರು ಹೇಳಿದ್ದರು. ಏರಿದರು ಕೂಡ. ಮೆಟ್ಟಿಲ ಕೆಳಗಿನ ಕೋಣೆಯ ಬಾಡಿಗೆ ಆ ದುಡ್ಡಿನಿಂದಲೇ ಹೋಗತೊಡಗಿತು.

ವೋಟಿಗೆ ಹೋದ ಮೊದಲ ಪಟ್ಟಿಯಲ್ಲೇ ಮೆಷಿನಕ್ಕ ಬರೆಸಿದ್ದು ಕೊಕ್ಕೆ ಪಾಠ.

ಅದರ ಕಥೆ ಹೇಳಲೇಬೇಕು. ಅಕ್ಕ ಸ್ವಂತ ಅಂಗಡಿ ಇಡುವ ಮುಂಚೆ ಊರಿನ ದೊಡ್ಡ ಮೆಷಿನ್ ಶೋರೂಮಿನ ಹಿಂದಿನ ಗೋದಾಮಿನಲ್ಲಿ ಹನ್ನೊಂದು ವರ್ಷ ರಿಪೇರಿ ಮಾಡುತ್ತಿದ್ದಳು. ಶೋರೂಮಿನವರು ತಮ್ಮದೇ ಹೆಸರಿನಲ್ಲಿ ಒಂದು ಹಗುರ ಮೆಷಿನ್ ಮಾರುತ್ತಾರೆ. ನೋಡಲು ಚೆಂದ, ಬೆಲೆಯೂ ಕಮ್ಮಿ, ಮನೆಯಲ್ಲಿ ಹೊಲಿದು ಬದುಕುವ ಹೆಂಗಸರು ಕಂತಿನಲ್ಲಿ ಕೊಳ್ಳುವುದು ಅದನ್ನೇ. ವರ್ಷ ತುಂಬುವಷ್ಟರಲ್ಲಿ ಅದು ಹೊಲಿಗೆ ಬಿಡತೊಡಗುತ್ತದೆ. ಹತ್ತು ಹೊಲಿಗೆಗೆ ಎರಡು ತಪ್ಪುತ್ತವೆ. ಕಾರಣ ಇಷ್ಟೇ: ಸೂಜಿ ಕೆಳಗಿಳಿದು ಮತ್ತೆ ಮೇಲಕ್ಕೆ ಹೊರಟ ಗಳಿಗೆಯಲ್ಲಿ, ಅಡಿಯಲ್ಲಿ ತಿರುಗುವ ಕೊಕ್ಕೆಯ ತುದಿ ಸೂಜಿಯ ಕಣ್ಣಿನ ತುಸು ಮೇಲೆ ಬಂದು ದಾರ ಹಿಡಿಯಬೇಕು. ಈ ಮೆಷಿನಿನಲ್ಲಿ ಕೊಕ್ಕೆಯ ತಿರುಪು ಸಡಿಲವಾಗಿ, ಅದು ಬರುವುದು ತಡವಾಗುತ್ತದೆ. ಮಗುಚಿ, ಒಂದು ತಿರುಪು ಬಿಚ್ಚಿ, ಕೊಕ್ಕೆಯನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿದರೆ ಮುಗಿಯಿತು. ಹದಿನೈದು ನಿಮಿಷ. ಶೋರೂಮಿನಲ್ಲಿ ಏನು ಹೇಳುತ್ತಿದ್ದರು? ಮೆಷಿನ್ ಸತ್ತಿದೆ ತಾಯಿ, ಇದನ್ನು ಕೊಟ್ಟು ಹೊಸದು ತಗೊಳ್ಳಿ, ಸ್ವಲ್ಪ ಕಡಿಮೆ ಮಾಡಿಕೊಡ್ತೀವಿ ಎಂದು. ಹಳೆಯದರ ಕೊಕ್ಕೆ ಬಿಗಿದು, ಬಣ್ಣ ಒರೆಸಿ ಇನ್ನೊಬ್ಬರಿಗೆ ಮಾರುತ್ತಿದ್ದರು. ಹಾಳಾದವರು! ಒಂದು ದಿನ ಅಕ್ಕ ಗೋದಾಮಿನಿಂದ ಎದ್ದು ಶೋರೂಮಿಗೇ ಬಂದು, ಗಿರಾಕಿಯ ಎದುರಿಗೇ ಮೆಷಿನ್ ಮಗುಚಿ ಸರಿಮಾಡಿ ತೋರಿಸಿದಳು. ಅವತ್ತೇ ಕೆಲಸ ಹೋಯಿತು.

ಹಾಗಾಗಿ ಕೊಕ್ಕೆ ಪಾಠ ಅವಳ ಎದೆಯೊಳಗೆ ಕುದಿಯುತ್ತಿದ್ದ ಪಾಠ. ವೋಟಿಗೆ ಹಾಕಿದರೆ ಜನ ಮುಗಿಬೀಳುತ್ತಾರೆ ಎಂದುಕೊಂಡಿದ್ದಳು. ಮೊದಲ ತಿಂಗಳು ಗೆದ್ದದ್ದು ಮೆಷಿನಿನ ಮರದ ಮೇಜಿಗೆ ಪಾಲಿಶ್ ಹಾಕುವುದು. ಹೋಗಲಿ ಎಂದು ಪಾಲಿಶ್ ಹಾಕಿಸಿದಳು. ಎರಡನೇ ತಿಂಗಳು ಗುಂಡುಸೂಜಿ ಚುಚ್ಚುವ ದಿಂಬು ಮಾಡುವುದು. ಮೂರನೆಯದು ಹಳೇ ಮೆಷಿನಿನ ಮೇಲೆ ಹೂವಿನ ಚಿತ್ರ ಬಿಡಿಸುವುದು. ಆ ವಿಡಿಯೊದಲ್ಲಿ ಅವಳು ಬೈದದ್ದು ಹೂವಿಗಲ್ಲ, ನೋಡುವವರಿಗೆ. ಹೊಲಿಗೆ ತಪ್ಪುತ್ತಾ ಇದ್ದರೂ ಹೂವು ಬೇಕಂತೆ ಇವರಿಗೆ, ಇವರ ಬುದ್ಧಿಗಿಷ್ಟು ಎಂದು. ಆದರೂ ಹೂವು ಬಿಡಿಸಿದಳು. ಯಾಕೆಂದರೆ ಕೊಟ್ಟ ಮಾತು. ದುಡ್ಡು ಕೊಟ್ಟವರ ವೋಟಿನಂತೆ ನಡೆಯುತ್ತೇನೆಂದು ಹೇಳಿಯಾಗಿದೆ. ಮಾತು ತಪ್ಪುವುದು ಶೋರೂಮಿನವರ ಜಾಯಮಾನ, ತನ್ನದಲ್ಲ.

ಯಜಮಾನರು ಒಂದೆರಡು ಸಲ, ವೋಟು ಬದಿಗಿಟ್ಟು ಕೊಕ್ಕೆಯದನ್ನು ಮಾಡಿಬಿಡು ಎಂದು ಮೆಲ್ಲಗೆ ಹೇಳಿ ನೋಡಿದರು. ಅವಳು ಕಣ್ಣು ಬಿಟ್ಟದ್ದು ನೋಡಿ ಮತ್ತೆ ಕಾಗದ ಜೋಡಿಸಲು ಹೋದರು.

ಈ ನಡುವೆ ದೂರದ ಊರೊಂದರಿಂದ ಒಬ್ಬಳು ಬರೆಯುತ್ತಿದ್ದಳು. ಸೂಜಿ ದರ್ಜೆಯವಳು. ಆಸ್ಪತ್ರೆಯೊಂದಕ್ಕೆ ದಿಂಬಿನ ಚೀಲ ಹೊಲಿದುಕೊಡುವುದು ಅವಳ ಕಸುಬು. ಮೆಷಿನ್ ಅದೇ ಹಗುರದ್ದು, ರೋಗವೂ ಅದೇ. ಕೊಕ್ಕೆಯ ಪಾಠ ಯಾವಾಗ ಅಕ್ಕಾ ಎಂದು ತಿಂಗಳು ತಿಂಗಳು ಕೇಳುತ್ತಿದ್ದಳು. ತನ್ನ ಒಂದೇ ಒಂದು ವೋಟನ್ನು ಪ್ರತಿ ಸಲ ಅದಕ್ಕೇ ಹಾಕುತ್ತಿದ್ದಳು. ಐದನೇ ತಿಂಗಳು ಧೈರ್ಯ ಮಾಡಿ ಫೋನನ್ನೇ ಮಾಡಿದಳು. ಹೊಲಿಗೆ ತಪ್ಪಿದೆಯೆಂದು ಆಸ್ಪತ್ರೆಯವರು ಒಂದು ಗಂಟು ಚೀಲ ವಾಪಸ್ ಕಳಿಸಿದ್ದಾರೆ, ಒಂದು ಸಲ ವಿಡಿಯೊ ಕಾಲಿನಲ್ಲಿ ತೋರಿಸಿಕೊಡ್ತೀರಾ ಎಂದಳು. ಅಕ್ಕನ ಎದುರಿಗೆ ಆಗ ಎರಡು ಮೆಷಿನ್ ಬಿಚ್ಚಿಕೊಂಡು ಕೂತಿದ್ದವು. ಅದೂ ಅಲ್ಲದೆ, ವೋಟಿನಲ್ಲಿ ಸೋತದ್ದನ್ನು ಹಿಂಬಾಗಿಲಿನಿಂದ ಒಬ್ಬಳಿಗೆ ಕೊಟ್ಟರೆ ಮಿಕ್ಕವರಿಗೆ ಏನು ಉತ್ತರ?

"ನಿನ್ನ ಹಾಗೇ ಎಲ್ಲರೂ ದುಡ್ಡು ಕೊಟ್ಟಿದ್ದಾರಮ್ಮ. ನಿನ್ನೊಬ್ಬಳಿಗೆ ಬೇರೆ ನ್ಯಾಯ ಮಾಡೋಕಾಗಲ್ಲ. ಸಾಲಲ್ಲಿ ನಿಲ್ಲು."

ಆಯ್ತಕ್ಕ ಎಂದು ಅವಳು ಫೋನಿಟ್ಟಳು. ನ್ಯಾಯವಾಗಿ ನಡೆದುಕೊಂಡೆ ಎಂಬ ಸಮಾಧಾನದಲ್ಲಿ ಮೆಷಿನಕ್ಕ ಅವತ್ತು ಎರಡು ತುತ್ತು ಹೆಚ್ಚೇ ಉಂಡಳು. ಹೀಗೆ ನ್ಯಾಯ ಮಾಡುವವರನ್ನು ಕಂಡರೆ ನನಗಂತೂ ಮೈಯೆಲ್ಲ ಉರಿಯುತ್ತದೆ. ಆದರೆ ಏನು ಮಾಡುವುದು, ಅವಳು ನಿಜವಾಗಿ ಹಾಗೇ ನಂಬಿದ್ದಳು.

ಎಂಟನೇ ತಿಂಗಳು ಯಜಮಾನರು ಕಣ್ಣಿನ ಪೊರೆ ತೆಗೆಸಿಕೊಂಡರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತವರಿಗೆ ಅದೇ ವಾರ ಪೊಟ್ಟಣ ಕಳಿಸುವ ಚಿಂತೆ. ಮೊದಲ ಸಲ ಅವರೇ ವಿಳಾಸ ಬರೆದು ಅಂಚೆಗೆ ಹಾಕಿದ್ದರು. ಈ ಸಲ ಮೆಷಿನಕ್ಕ ಕತ್ತರಿಯವರ ಪಟ್ಟಿ ಮುಂದಿಟ್ಟುಕೊಂಡು ಬರೆಯಲು ಕೂತಳು. ಹೆಸರುಗಳೆಲ್ಲ ಅವರವರು ಇಟ್ಟುಕೊಂಡ ಅಡ್ಡಹೆಸರುಗಳು: ನೀಲಿ ದಾರ, ಬಾಬಿನ್ ರಾಣಿ, ಚಿನ್ನದ ಗುಂಡಿ. ಮೂರು ವಿಳಾಸ ಬರೆದಳು. ನಾಲ್ಕನೆಯದೂ ಮೂರನೆಯದೂ ಒಂದೇ. ಐದನೆಯದೂ ಅದೇ. ಇದೇನು ಎಲ್ಲ ಒಂದೇ ವಿಳಾಸ ಎಂದು ಗೊಣಗಿದಳು. ಮಂಚದಿಂದ ಯಜಮಾನರು ಸಂತೋಷದಿಂದ ಹೇಳಿದರು: ಹೋದ ಸಲವೂ ಹಾಗೇ ಇತ್ತು, ಒಂದೇ ಕಟ್ಟಡದಲ್ಲಿ ಮೂವತ್ತೊಂದು ಜನ ಅಭಿಮಾನಿಗಳಿದ್ದಾರೆ, ಯಾವುದೋ ಗಾರ್ಮೆಂಟ್ ಕಾರ್ಖಾನೆ ಇರಬೇಕು.

ಅವಳು ವಿಳಾಸವನ್ನು ಇನ್ನೊಮ್ಮೆ ಓದಿದಳು. ಹಿಂಬದಿಯ ಬೀದಿ, ಹದಿನಾಲ್ಕನೇ ನಂಬರು, ಎರಡನೇ ಮಹಡಿ. ಯಜಮಾನರಿಗೆ ಶೋರೂಮಿನ ಮುಂಬಾಗಿಲು ಗೊತ್ತಿತ್ತು, ಆ ವಿಳಾಸ ಗೊತ್ತಿರಲಿಲ್ಲ. ಅವಳು ಆ ಮಹಡಿಯ ಮೆಟ್ಟಿಲನ್ನು ಹನ್ನೊಂದು ವರ್ಷ ಹತ್ತಿಳಿದಿದ್ದಳು. ಅದು ಗೋದಾಮು.

ಮೂವತ್ತೊಂದು ಕತ್ತರಿ, ಒಂದಕ್ಕೆ ಐದು ವೋಟು. ಪಾಲಿಶ್ ಗೆಲ್ಲಿಸಿದವರು, ಹೂವು ಬಿಡಿಸಲು ಹಚ್ಚಿದವರು, ಕೊಕ್ಕೆಯನ್ನು ತಿಂಗಳು ತಿಂಗಳು ಮಣ್ಣು ಮಾಡಿದವರು ಅವರೇ. ಮತ್ತೆ ತಾನು ಎಂಟು ತಿಂಗಳು ಬೈದದ್ದು ಯಾರಿಗೆ? ಬುದ್ಧಿಯಿಲ್ಲ ಎಂದದ್ದು ಯಾರಿಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ತಮ್ಮ ಚಹಾದ ದುಡ್ಡು ಉಳಿಸಿ ಕೊಕ್ಕೆಗೆ ವೋಟು ಹಾಕಿದ ಬಡಪಾಯಿಗಳಿಗೆ. ಅವಳು ಪೆನ್ನು ಎಸೆದು ಎದ್ದಳು. ಯಜಮಾನರು ಮಂಚದಿಂದಲೇ ಏನಾಯಿತೆಂದು ಕೇಳಿದರು. ಅವಳು ಚಪ್ಪಲಿ ಮೆಟ್ಟಿ ಹೊರಟಾಗಿತ್ತು.

ಶೋರೂಮಿನ ಸಾಹುಕಾರ ಗಾಜಿನ ಕೋಣೆಯಲ್ಲಿದ್ದ. ಅವಳನ್ನು ಕಂಡು ಎದ್ದು ನಿಂತ. ಕೆಲಸಕ್ಕಿದ್ದಾಗ ನೀನು ಎನ್ನುತ್ತಿದ್ದವನು ಈಗ ಬಹುವಚನಕ್ಕೇರಿದ್ದ. ಕೂತ್ಕೊಳ್ಳಿ, ನೀರು ಕುಡೀರಿ ಎಂದ. ಅವಳು ನಿಂತೇ, ಗೋದಾಮಿನಿಂದ ಮೂವತ್ತೊಂದು ಜನ ತನಗೆ ದುಡ್ಡು ಕಳಿಸುತ್ತಿರುವುದು ಯಾಕೆಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳರಿಗೂ ಒಂದಿಷ್ಟು ನಾಚಿಕೆ ಇರುತ್ತದೆ. ಇವನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ನಕ್ಕ.

"ಅಲ್ಲಮ್ಮ, ನಿಮ್ಮ ಅಂಗಡಿ ನಡೀಲಿ ಅಂತ ಕೊಟ್ಟೆ. ದುಡ್ಡು ಕೊಟ್ಟವರಿಗೆ ವೋಟು ಅಂತ ಬರೆದಿದ್ದು ನೀವು. ಕೊಟ್ಟೆ, ಹಾಕಿದೆ. ಇದರಲ್ಲಿ ನಾನು ಮಾಡಿದ ತಪ್ಪು ಒಂದು ತೋರಿಸಿ."

ಅವಳು ಹುಡುಕಿದಳು. ಬಾಯಿ ತೆರೆದು ನಿಂತು, ಮನಸ್ಸಿನಲ್ಲೆಲ್ಲ ಹುಡುಕಿದಳು. ಮೆಷಿನಿನೊಳಗೆ ಎಂಥ ಸಣ್ಣ ದೋಷವಿದ್ದರೂ ಕತ್ತಲಲ್ಲಿ ಬೆರಳಿಂದ ಹಿಡಿಯುವವಳಿಗೆ ಅಲ್ಲಿ ಒಂದೂ ಸಿಗಲಿಲ್ಲ. ನಿಯಮ ತನ್ನದು, ಪುಟ ತನ್ನದು, ದುಡ್ಡು ತಗೊಂಡ ಕೈಯೂ ತನ್ನದೇ. ಹನ್ನೊಂದು ವರ್ಷ ಸಂಬಳ ಕೊಟ್ಟರೂ ಮುಚ್ಚಿಸಲಾಗದ ಬಾಯನ್ನು ಈ ಮನುಷ್ಯ ಅಭಿಮಾನಿಯಾಗಿ ಎಂಟು ತಿಂಗಳು ಮುಚ್ಚಿಸಿದ್ದ. ಎಂಟು ತಿಂಗಳು ತಾನು ಮತ್ತೆ ಇವನ ಸಂಬಳದಲ್ಲಿದ್ದೆ ಎಂದು ಅವಳಿಗೆ ಹೊಳೆದದ್ದು ಆ ಗಾಜಿನ ಕೋಣೆಯಲ್ಲಿ. ಅಲ್ಲಿಯೇ ಇನ್ನೊಂದು ಗಳಿಗೆ ನಿಂತಿದ್ದರೆ ಗಾಜು ಉಳಿಯುತ್ತಿರಲಿಲ್ಲ. ಹೊರಗೆ ಬಂದಳು.

ಅವತ್ತು ಮಧ್ಯಾಹ್ನವೇ ಬೀಗದ ಅಂಗಡಿಯವನ ಹೆಂಡತಿಯನ್ನು ಕರೆಸಿದಳು. ಅವಳ ಬಳಿ ಅದೇ ಹಗುರ ಮೆಷಿನ್ ಇತ್ತು, ಈಚೆಗಷ್ಟೇ ಹೊಲಿಗೆ ತಪ್ಪತೊಡಗಿತ್ತು. ಯಜಮಾನರು ಒಂದೇ ಕಣ್ಣಲ್ಲಿ ನೋಡುತ್ತ ಮೊಬೈಲ್ ಹಿಡಿದು ಕೂತರು. ಕತ್ತರಿಯವರೆಲ್ಲ ಬಿಟ್ಟುಹೋದರೆ ಬಾಡಿಗೆಗೆ ಏನು ಮಾಡೋಣ ಎಂದು ಒಂದೇ ಸಲ ಕೇಳಿದರು. ಅದನ್ನು ಆಮೇಲೆ ನೋಡೋಣ ಎಂದಳು. ಬೀಗದವನ ಹೆಂಡತಿ ಮೆಷಿನ್ ಮಗುಚಿದಳು, ತಿರುಪು ಸಡಿಲಿಸಿದಳು, ಕೊಕ್ಕೆ ತಿರುಗಿಸಿದಳು, ಬಿಗಿದಳು. ಬಟ್ಟೆಯ ಮೇಲೆ ಹೊಲಿಗೆ ಒಂದೂ ತಪ್ಪದೆ ಸಾಲಾಗಿ ಬಿತ್ತು. ಅಷ್ಟು ಹೊತ್ತೂ ಅಕ್ಕ ಯಾರಿಗೂ ಬೈಯಲಿಲ್ಲ. ಕೊನೆಗೆ ಮೊಬೈಲಿನ ಕಡೆ ತಿರುಗಿ ಹೇಳಿದಳು:

"ಇದನ್ನ ಎಂಟು ತಿಂಗಳ ಹಿಂದೆ ತೋರಿಸಬೇಕಿತ್ತು. ವೋಟು ಬೀಳಲಿಲ್ಲ ಅಂತ ತೋರಿಸಲಿಲ್ಲ. ಬಾಯಾರಿದವರಿಗೆ ನೀರು ಕೊಡೋಕೆ ಯಾರಾದರೂ ವೋಟು ಹಾಕಿಸ್ತಾರಾ? ನಾನು ಹಾಕಿಸಿದೆ. ಆ ವೋಟನ್ನ ಈ ಮೆಷಿನ್ ಮಾರೋರೇ ದುಡ್ಡು ಕೊಟ್ಟು ಕೊಂಡಿದ್ರು, ನನಗೆ ತಿಳೀಲಿಲ್ಲ. ಬುದ್ಧಿ ಇಲ್ಲ ಅಂತ ನಿಮಗೆ ಬೈದಿದ್ದೆ. ಅದು ನನಗೆ ಸಲ್ಲಬೇಕು. ಇನ್ನು ಮೇಲೆ ಇಲ್ಲಿ ವೋಟಿಲ್ಲ."

ಮಾರನೆಯ ದಿನ ಮಧ್ಯಾಹ್ನದೊಳಗೆ ಮೂವತ್ತೊಂದೂ ಕತ್ತರಿಗಳು ಪುಟ ಬಿಟ್ಟುಹೋದವು. ಅವಳಿಗೆ ಅದರಿಂದ ಬೇಜಾರಾಗಲಿಲ್ಲ, ಮೈ ಹಗುರವಾಯಿತು. ವಿಡಿಯೊದ ಕೆಳಗೆ ಹೆಂಗಸರು ಬರೆಯುತ್ತಲೇ ಇದ್ದರು. ನನ್ನದೂ ಸರಿಹೋಯಿತು, ನಮ್ಮ ಅತ್ತಿಗೆಯದೂ ಸರಿಹೋಯಿತು ಎಂದು. ಅಕ್ಕ ಒಂದೊಂದನ್ನೂ ಓದಿಸಿಕೊಂಡು ಕೇಳುತ್ತಿದ್ದಳು. ದಿಂಬಿನ ಚೀಲದವಳು ಬರೆದಿದ್ದಾಳಾ ಎಂದು ನಡುನಡುವೆ ವಿಚಾರಿಸುತ್ತಿದ್ದಳು. ಬರೆದಿರಲಿಲ್ಲ.

ಮೂರನೆಯ ದಿನ ಅವಳೇ ಫೋನ್ ಮಾಡಿದಳು. ಅಕ್ಕನ ಮುಖ ಅರಳಿತು. ನೋಡಿದೆಯಾ, ಬಿಚ್ಚಿದೆಯಾ, ಹೊಲಿಗೆ ಬಿತ್ತಾ ಎಂದು ಒಂದೇ ಉಸಿರಿಗೆ ಕೇಳಿದಳು. ಅತ್ತಲಿನವಳು, ನೋಡಿದೆ ಅಕ್ಕ, ತುಂಬ ಚೆನ್ನಾಗಿ ಹೇಳಿದೀರಿ, ಮಕ್ಕಳಿಗೂ ಅರ್ಥ ಆಗುವ ಹಾಗಿದೆ ಎಂದಳು. ತನ್ನ ಮೆಷಿನನ್ನು ಹೋದ ತಿಂಗಳೇ ತಮ್ಮೂರಿನಲ್ಲಿರುವ ಅದೇ ಶೋರೂಮಿನ ಶಾಖೆಗೆ ಕೊಟ್ಟುಬಿಟ್ಟಿದ್ದಾಗಿ ಹೇಳಿದಳು. ಆಸ್ಪತ್ರೆಯವರು ಇನ್ನೊಂದು ಸಲ ಚೀಲ ವಾಪಸ್ ಬಂದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರಂತೆ. ಹಳೆಯದರ ಜೊತೆ ಕೈಯಲ್ಲಿದ್ದದ್ದನ್ನೂ ಸೇರಿಸಿ ಕೊಟ್ಟು, ಮಿಕ್ಕದ್ದಕ್ಕೆ ಕಂತು ಮಾಡಿಕೊಂಡು, ಅದೇ ಹಗುರ ಮೆಷಿನಿನ ಹೊಸದೊಂದನ್ನು ತಂದಿದ್ದಳು.

"ಅದಕ್ಕೇ ಫೋನ್ ಮಾಡಿದೆ ಅಕ್ಕ. ಈ ತಿಂಗಳಿಂದ ನಿಮಗೆ ಕೊಡ್ತಿದ್ದದ್ದು ಕೊಡೋಕಾಗಲ್ಲ, ಕಂತು ಕಟ್ಟಬೇಕು. ಏನೂ ತಿಳ್ಕೋಬೇಡಿ. ಕಂತು ಮುಗಿದ ಮೇಲೆ ಮತ್ತೆ ಸೇರ್ಕೋತೀನಿ."

ಮೆಷಿನಕ್ಕ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದಳು, ಮತ್ತೆ ಕಿವಿಗಿಟ್ಟಳು. ಆಯ್ತಮ್ಮ ಎಂದಳು. ಅತ್ತಲಿನವಳು ಇನ್ನೊಂದು ಸಲ, ಬೇಜಾರು ಮಾಡ್ಕೋಬೇಡಿ ಎಂದು ಹೇಳಿ ಇಟ್ಟಳು.

ಯಾರದು ಎಂದು ಯಜಮಾನರು ಕೇಳಿದರು.

"ಅವಳು ನನ್ನ ಹತ್ರ ಕ್ಷಮೆ ಕೇಳಿದಳು ರೀ. ನಾನು ಕೇಳಬೇಕಾದದ್ದನ್ನ ಅವಳು ಕೇಳಿ ಫೋನ್ ಇಟ್ಟಳು."

ಆಮೇಲೆ ಅವಳು ಆ ನಂಬರಿಗೆ ಮತ್ತೆ ಫೋನ್ ಮಾಡಿದಳು. ಅತ್ತಲಿಂದ ಯಾರೂ ಎತ್ತಲಿಲ್ಲ. ಮೆಷಿನಿನ ಮುಂದೆ ಕೂತಿರಬೇಕು, ಸದ್ದಿಗೆ ಕೇಳಿಸುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮಾಡು ಎಂದು ಯಜಮಾನರು ಹೇಳಿದರು. ಅವಳು ಬಿಡಲಿಲ್ಲ, ಮಾಡುತ್ತಲೇ ಇದ್ದಳು.